ಹಸಿರು ತಂತಿಯ ಗಂಟು

ಮಾರ್ಚ್ 3

ಮಾವ,

ನಮಸ್ಕಾರ. ಕ್ಷೇಮ ಸಮಾಚಾರವೆಲ್ಲ ಕೊನೆಗೆ ಬರೆಯುತ್ತೇನೆ. ಮೊದಲು ಕಾರಿನ ಸುದ್ದಿ. ನೀವು ಕೊಟ್ಟ ಕಾರು ಕುದಿಯುತ್ತಿದೆ.

ಸುಮ್ಮನೆ ಬಿಸಿಯಾಗುವುದಲ್ಲ, ನಿಜವಾಗಿ ಕುದಿಯುವುದು. ನಿನ್ನೆ ಸೇತುವೆಯ ಮೇಲೆ ಸಾಲುಗಟ್ಟಿ ನಿಂತಿದ್ದೆವು. ಸ್ಟೀರಿಂಗ್ ಹಿಡಿದು ಕೂತಿದ್ದವರು ನನ್ನ ಡ್ರೈವಿಂಗ್ ಶಾಲೆಯ ಮೊದಲ ವಿದ್ಯಾರ್ಥಿನಿ ದರ್ಜಿ ಅಕ್ಕ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅವರದು. ಕ್ಲಚ್ಚನ್ನೂ ಹಾಗೇ ತುಳಿಯುತ್ತಾರೆ, ಟಕಟಕಟಕ ಅಂತ. ಬಿಸಿ ತೋರಿಸುವ ಮುಳ್ಳು ಏರುತ್ತಾ ಏರುತ್ತಾ ಕೊನೆಯ ಗೆರೆ ಮುಟ್ಟಿತು, ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಅಕ್ಕ ಎರಡೂ ಕೈ ಬಿಟ್ಟು, "ಅಯ್ಯಯ್ಯೋ, ನಾನೇನು ಒತ್ತಿದೆನಮ್ಮಾ?" ಎಂದರು. ಹಿಂದಿನವರೆಲ್ಲ ಹಾರ್ನ್ ಹೊಡೆದು ಹೊಡೆದು ನಮ್ಮ ಮಾನ ತೆಗೆದರು.

ಇದು ನಾಲ್ಕನೆಯ ಸಲ. ಒಬ್ಬ ವಿದ್ಯಾರ್ಥಿನಿ ಆಗಲೇ ಬಿಟ್ಟುಹೋದಳು. ನಮ್ಮ ಬೀದಿಯ ಮೆಕ್ಯಾನಿಕ್ ರೇಡಿಯೇಟರ್ ತೊಳೆದ, ನೀರು ಬದಲಿಸಿದ. ಈಗ, "ಎಂಜಿನ್ನೇ ಬಿಚ್ಚಬೇಕು, ಒಳಗೆ ಗ್ಯಾಸ್ಕೆಟ್ ಹೋಗಿ ನೀರು ಸೋರುತ್ತಿದೆ, ಒಂದು ತಿಂಗಳು ಬಿಟ್ಟುಹೋಗಿ" ಅನ್ನುತ್ತಾನೆ. ಒಂದು ತಿಂಗಳು ಎಲ್ಲಿಂದ ತರಲಿ? ಇಪ್ಪತ್ತೆಂಟಕ್ಕೆ ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರ್ ಬರುತ್ತಾರೆ. ಅರ್ಧ ಗಂಟೆ ನಿಧಾನವಾಗಿ ಓಡಿಸಿ ನೋಡುತ್ತಾರಂತೆ. ಅಲ್ಲಿ ಕುದಿದರೆ ಡ್ರೈವಿಂಗ್ ಶಾಲೆಗೆ ಪರವಾನಗಿ ಇಲ್ಲ. ಇರುವ ಕೆಲಸ ಬಿಟ್ಟು ಈ ಬೋರ್ಡು ಹಾಕಿಕೊಂಡವಳು ನಾನು, ಇದು ಮುಳುಗಿದರೆ ನಾನೂ ಮುಳುಗಿದ ಹಾಗೆ.

ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ. ಅತ್ತೆ ನಡುವೆ ನಿಂತು ನಿಮ್ಮ ಕಿವಿಯಲ್ಲಿ ಕೂಗುವ ಹೊತ್ತಿಗೆ ಅವರ ಗಂಟಲು ಕಟ್ಟುತ್ತದೆ. ಅಮ್ಮ ಹೇಳಿದಳು, "ನಿನ್ನ ಸೋದರಮಾವನಿಗೆ ಕಾಗದ ಬರಿ, ಎಂಜಿನ್ ವಿಷಯ ಅಂದ್ರೆ ಊಟ ಬಿಟ್ಟು ಉತ್ತರ ಬರೀತಾನೆ" ಅಂತ. ಬರೆದಿದ್ದೇನೆ.

ನಿಮ್ಮ ಪಿಟೀಲು


ಮಾರ್ಚ್ 8

ಪಿಟೀಲು,

ಆರು ವರ್ಷದವಳಿದ್ದಾಗ ಗ್ಯಾರೇಜಿನಲ್ಲಿ ಕೂತು "ಯಾಕೆ, ಯಾಕೆ" ಅಂತ ಪಿಟೀಲು ಕುಯ್ದು ನನ್ನ ತಲೆ ತಿಂದವಳು ಈಗ ಸರಿಯಾದ ಜಾಗದಲ್ಲಿ "ಯಾಕೆ" ಅಂದಿದ್ದೀಯ. ಸಂತೋಷ.

ಎಂಜಿನ್ ಬಿಚ್ಚಲು ಬಿಡಬೇಡ. ನೆಗಡಿ ಬಂತು ಅಂತ ಮೂಗು ಕೊಯ್ಯುವ ವೈದ್ಯ ಅವನು. ಆ ಎಂಜಿನ್ ನನಗೆ ಗೊತ್ತು, ಹದಿನಾಲ್ಕು ವರ್ಷ ನನ್ನ ಕೈಯಲ್ಲೇ ಇತ್ತು. ನಿನಗೆ ಕೊಡುವ ಮುಂಚೆ ಹಳೇ ಫ್ಯಾನಿನ ಮೋಟರ್ ತೆಗೆದು ಹೊಸದು ಹಾಕಿ, ಐವತ್ತು ಮೈಲಿ ಓಡಿಸಿ ನೋಡಿಯೇ ಕಳಿಸಿದ್ದೇನೆ. ಮುಳ್ಳು ಅರ್ಧದಿಂದ ಅಲ್ಲಾಡಲಿಲ್ಲ.

ನನ್ನ ಪದ್ಧತಿ ನಿನಗೆ ನೆನಪಿರಬೇಕು. ಒಂದು ಸಲಕ್ಕೆ ಒಂದೇ ಪರೀಕ್ಷೆ. ಹತ್ತು ಕಡೆ ಒಟ್ಟಿಗೆ ಕೈ ಹಾಕಿದರೆ ರೋಗ ವಾಸಿಯಾದರೂ ಯಾವ ಮದ್ದಿಗೆ ಆಯಿತು ಅಂತ ತಿಳಿಯುವುದಿಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರು ಎಷ್ಟಿದೆ ನೋಡು. ಬಿಸಿ ಇರುವಾಗ ಮುಟ್ಟೀಯೆ ಜೋಕೆ, ಮುಖ ಬೇಯುತ್ತದೆ. ಮೂರು ದಿನ ನೋಡು. ನೀರು ಕಡಿಮೆಯಾಗುತ್ತಿದ್ದರೆ ಸೋರಿಕೆ. ಇಲ್ಲದಿದ್ದರೆ ಆ ಗ್ಯಾಸ್ಕೆಟ್ ಮಾತು ಬುರುಡೆ.

ಮುಳ್ಳು ಎಲ್ಲೆಲ್ಲಿ ಏರುತ್ತದೆ, ಎಲ್ಲೆಲ್ಲಿ ಇಳಿಯುತ್ತದೆ ಅಂತಲೂ ಬರೆದಿಡು. ಏರುವುದನ್ನು ಎಲ್ಲರೂ ನೋಡುತ್ತಾರೆ, ಇಳಿಯುವುದನ್ನು ಯಾರೂ ನೋಡುವುದಿಲ್ಲ. ರಹಸ್ಯ ಇರುವುದು ಅಲ್ಲೇ. ಫ್ಯಾನು ತಿರುಗುತ್ತದೆಯೇ, ಅದನ್ನೂ ತಿಳಿಸು.

ಮಾವ


ಮಾರ್ಚ್ 13

ಮಾವ,

ಮೂರು ದಿನ ನೋಡಿದೆ. ನೀರು ಒಂದು ಲೋಟವೂ ಕಡಿಮೆಯಾಗಿಲ್ಲ. ಮೆಕ್ಯಾನಿಕ್‌ಗೆ ಹೇಳಿದೆ, ಮುಖ ಊದಿಸಿಕೊಂಡ.

ಮುಳ್ಳಿನ ಲೆಕ್ಕ ಕೇಳಿ, ಇದು ನನಗೇ ವಿಚಿತ್ರವಾಗಿ ಕಂಡಿತು. ಸೇತುವೆ, ಸಂತೆ ಬೀದಿ, ಸಿಗ್ನಲ್ಲು, ಅಂದರೆ ನಿಂತು ನಿಂತು ಹೋಗುವ ಕಡೆಯೆಲ್ಲ ಏರುತ್ತದೆ. ಬೆವರುತ್ತಾ ಊರಾಚೆಯ ರಿಂಗ್ ರಸ್ತೆಗೆ ಬಂದು ಅರವತ್ತರಲ್ಲಿ ಬಿಟ್ಟರೆ ಎರಡೇ ನಿಮಿಷ, ಸಾಧು ಹಸುವಿನ ಹಾಗೆ ಅರ್ಧಕ್ಕೆ ಬಂದು ಕೂರುತ್ತದೆ. ದುಡಿಸಿದರೆ ತಣ್ಣಗಿರುತ್ತದೆ, ನಿಲ್ಲಿಸಿದರೆ ಸಿಟ್ಟು. ಇದೆಂಥ ಸ್ವಭಾವ ಮಾವ? ನಮ್ಮ ಮನೆಯವರಂತೂ, "ನಿನ್ನ ಕಾರು, ನಿನ್ನ ಹಾಗೇ" ಎಂದು ನಕ್ಕರು.

ಫ್ಯಾನು ತಿರುಗುತ್ತದೆ, ಜೋರಾಗಿಯೇ. ಬಾನೆಟ್ ಎತ್ತಿ ಕಣ್ಣಾರೆ ನೋಡಿದೆ. ಮೆಕ್ಯಾನಿಕ್ ಕೂಡ, "ಫ್ಯಾನ್ ಏನೋ ಫಸ್ಟ್ ಕ್ಲಾಸ್" ಅಂದ.

ಒಂದು ತಮಾಷೆ. ಕಾರು ಕುದಿದಾಗೆಲ್ಲ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟೇ ಕಾಯುತ್ತೇವಲ್ಲ, ದರ್ಜಿ ಅಕ್ಕ ಕೈ ತೊಳೆದು ಒದ್ದೆ ಕರವಸ್ತ್ರವನ್ನು ಕಾರಿನ ಮೂತಿಯ ಮುಂದೆ ಹಿಡಿದರು. ಎರಡು ನಿಮಿಷಕ್ಕೆ ಗರಿಗರಿ ಒಣಗಿತು. "ನನ್ನ ಇಸ್ತ್ರಿ ಪೆಟ್ಟಿಗೆಗಿಂತ ಇದೇ ವಾಸಿ ಕಣಮ್ಮ, ಮೊಣಕಾಲು ನೋವಿಗೂ ಹಿತವಾಗಿದೆ" ಅಂದರು. ಡ್ರೈವಿಂಗ್ ಶಾಲೆ ನಡೆಯದಿದ್ದರೆ ಇಬ್ಬರೂ ಸೇರಿ ಲಾಂಡ್ರಿ ಇಡುತ್ತೇವೆ.

ಇನ್ನು ಹದಿನೈದು ದಿನ. ನಗುತ್ತಾ ಬರೆಯುತ್ತಿದ್ದೇನೆ, ಆದರೆ ಹೆದರಿಕೆಯಾಗುತ್ತಿದೆ ಮಾವ.

ಪಿಟೀಲು


ಮಾರ್ಚ್ 17

ಪಿಟೀಲು,

ನಿನ್ನ ಕಾಗದದಲ್ಲಿ ಉಳಿದದ್ದೆಲ್ಲ ಬಿಡು. ಆ ಕರವಸ್ತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕಾರಿನ ಮುಂದೆ ನಿಂತವರ ಮೊಣಕಾಲಿಗೆ ಬಿಸಿಗಾಳಿ ಯಾಕೆ ಬರಬೇಕು? ನಿನ್ನೆಯೆಲ್ಲ ಅದೇ ಯೋಚನೆ. ನಿಮ್ಮತ್ತೆ ಮೂರು ಸಲ ಊಟಕ್ಕೆ ಕರೆದು, ಕೊನೆಗೆ ಬಂದು ತಟ್ಟೆಯನ್ನೇ ಮುಂದೆ ಇಟ್ಟು ಹೋದಳು.

ಒಂದೇ ಒಂದು ಪರೀಕ್ಷೆ. ಕಾರು ನಿಲ್ಲಿಸಿ, ಎಂಜಿನ್ ಓಡುತ್ತಿರಲಿ. ಬಿಸಿಯಾಗಿ ಫ್ಯಾನು ಶುರುವಾಗುವ ತನಕ ಕಾಯಿ. ಆಮೇಲೆ ಒಂದು ಹಾಳೆ ತೆಗೆದುಕೊಂಡು ಮುಂದಿನ ಜಾಲರಿಯ ಹತ್ತಿರ ಹಿಡಿದು ಬಿಡು. ಫ್ಯಾನಿನ ಕೆಲಸ ಹೊರಗಿನ ತಣ್ಣನೆ ಗಾಳಿಯನ್ನು ಒಳಗೆ ಎಳೆಯುವುದು. ಹಾಳೆ ಜಾಲರಿಗೆ ಅಂಟಿಕೊಳ್ಳಬೇಕು.

ಅಂಟಿಕೊಂಡಿತೋ ಇಲ್ಲವೋ, ಅಷ್ಟೇ ಬರೆ. ಕೂಡಲೇ ಬರೆ.

ಮಾವ


ಮಾರ್ಚ್ 20

ಮಾವ,

ಅಂಟಲಿಲ್ಲ! ಹಾರಿಹೋಯಿತು!

ಕೈಗೆ ಬೇರೆ ಹಾಳೆ ಸಿಗದೆ ನಿಮ್ಮ ಕಾಗದವನ್ನೇ ಹಿಡಿದಿದ್ದೆ. ಫೂ ಅಂತ ಯಾರೋ ಊದಿದ ಹಾಗೆ ನನ್ನ ಮುಖಕ್ಕೆ ಬಡಿದು, ರಸ್ತೆಗೆ ಬಿದ್ದು, ಬಸ್ಸಿನ ಚಕ್ರದ ಕೆಳಗೆ ಹೋಗಿ ಬಂತು. ಈಗ ಅದರ ಮೇಲೆ ಟೈರಿನ ಅಚ್ಚಿದೆ. ನಾನೂ ಅಕ್ಕನೂ ಅದರ ಹಿಂದೆ ಓಡಿದ್ದನ್ನು ನೋಡಿ ಬೀದಿಯವರೆಲ್ಲ ನಕ್ಕರು. ನಾಲ್ಕು ಸಲ ಹಿಡಿದೆ, ನಾಲ್ಕು ಸಲವೂ ಹಾರಿತು. ಅಂದರೆ ಫ್ಯಾನು ಗಾಳಿಯನ್ನು ಎಳೆಯುವ ಬದಲು ಹೊರಕ್ಕೆ ದಬ್ಬುತ್ತಿದೆಯೇ? ಹಾಗೂ ಆಗುತ್ತದೆಯೇ?

ಇನ್ನೊಂದು ವಿಷಯ. ದರ್ಜಿ ಅಕ್ಕ ಬಾನೆಟ್ ಒಳಗೆ ಬಗ್ಗಿ ನೋಡುತ್ತಾ, "ಇದೇನಮ್ಮ, ತಂತಿಗಳಿಗೆ ದಾರ ಕಟ್ಟಿದ್ದಾರೆ?" ಎಂದರು. ನಾನು ಗಮನಿಸಿಯೇ ಇರಲಿಲ್ಲ. ಹಾರ್ನು, ದೀಪ, ಎಲ್ಲ ಕಡೆ ಕೆಂಪು ತಂತಿಗೆ ಒಂದೊಂದು ಬಿಳಿ ದಾರದ ಗಂಟು. ಗುರುತಿಗೆ ನೀವೇ ಕಟ್ಟಿರಬೇಕು. ಆದರೆ ಫ್ಯಾನಿನ ಹತ್ತಿರ ಗಂಟು ಇರುವುದು ಹಸಿರು ತಂತಿಗೆ! ಅಕ್ಕ ಕನ್ನಡಕ ಹಾಕಿಕೊಂಡು ನೋಡಿ, "ಇದು ಆ ಕೈಯಲ್ಲ. ಅವೆಲ್ಲ ಎರಡು ಸುತ್ತು ಹಾಕಿ ತುದಿ ಒಳಗೆ ಸೇರಿಸಿದ ಗಂಟು, ಹೊಲಿಗೆ ಗೊತ್ತಿರೋರದ್ದು. ಇದು ಶೂ ಲೇಸ್ ಕಟ್ಟಿದ ಹಾಗಿದೆ. ಯಾರೋ ಬೇರೆಯವರು" ಅಂದರು.

ಅಲ್ಲಿ ನಿಮಗೆ ಗೊತ್ತಿಲ್ಲದೆ ಯಾರೋ ಕೈ ಹಾಕಿದ್ದಾರೆ ಮಾವ. ಯಾರು ಅಂತ ವಿಚಾರಿಸಿ.

ಪಿಟೀಲು


ಮಾರ್ಚ್ 24

ಪಿಟೀಲು,

ಫ್ಯಾನು ಉಲ್ಟಾ ತಿರುಗುತ್ತಿದೆ. ಮೋಟರಿಗೆ ಹೋಗುವ ಎರಡು ತಂತಿ ಅದಲು ಬದಲಾಗಿವೆ. ಬಿಚ್ಚಿ ಬದಲಿಸಿ ಕಟ್ಟಿಸು, ಹತ್ತು ನಿಮಿಷದ ಕೆಲಸ. ತೆರೆದ ರಸ್ತೆಯಲ್ಲಿ ಎದುರುಗಾಳಿಯೇ ಎಂಜಿನ್ ತಣಿಸುತ್ತದೆ, ಫ್ಯಾನು ಬೇಕಾಗುವುದಿಲ್ಲ. ಅದಕ್ಕೇ ನಮ್ಮೂರಿನ ಖಾಲಿ ರಸ್ತೆಯಲ್ಲಿ ಗೊತ್ತಾಗಲಿಲ್ಲ.

ಇಪ್ಪತ್ತೆಂಟರೊಳಗೆ ಮಾಡಿಸು. ಹಾಳೆ ಹಿಡಿದು ನೋಡದೆ ಬಾನೆಟ್ ಮುಚ್ಚಬೇಡ.

ಮಾವ


ಮಾರ್ಚ್ 29

ನನ್ನ ಬಂಗಾರದಂಥ ಮಾವ,

ಪಾಸು!

ನಿಮ್ಮ ಕಾಗದ ಇಪ್ಪತ್ತೇಳರ ಮಧ್ಯಾಹ್ನ ಕೈಗೆ ಬಂತು. ಓಡಿಹೋಗಿ ತಂತಿ ಬದಲಿಸಿದೆವು. ಹಾಳೆ ಹಿಡಿದರೆ ಪಟ್ ಅಂತ ಜಾಲರಿಗೆ ಅಂಟಿತು, ಕೀಳಲು ಹೋದರೆ ಬರಲೊಲ್ಲದು. ಅಕ್ಕ ಚಪ್ಪಾಳೆ ತಟ್ಟಿದರು. ಆಮೇಲೆ, "ಇನ್ನು ನನ್ನ ಮೊಣಕಾಲಿಗೆ ಗತಿ ಯಾರು?" ಅಂತ ಕೊರಗಿದರು. ನಿನ್ನೆ ಇನ್ಸ್‌ಪೆಕ್ಟರ್ ಬೇಕಂತಲೇ ಸೇತುವೆ ಮೇಲೆ ಕರೆದುಕೊಂಡು ಹೋದರು. ನಲವತ್ತು ನಿಮಿಷ, ಆಮೆ ನಡಿಗೆ. ಮುಳ್ಳು ಅರ್ಧಕ್ಕಿಂತ ಒಂದು ಕೂದಲೆಳೆ ಮೇಲೆ ಹೋಗಲಿಲ್ಲ.

ನಮ್ಮ ಮೆಕ್ಯಾನಿಕ್ ತಲೆ ಕೆರೆದುಕೊಂಡು, "ಯಾವನೋ ಕುರುಡ ಕಟ್ಟಿರೋ ಫ್ಯಾನು ಮೇಡಂ. ಕೆಂಪು ಯಾವುದು ಹಸಿರು ಯಾವುದು ಗೊತ್ತಾಗದೋನಿಗೆ ಈ ಕೆಲಸ ಯಾಕೆ ಬೇಕಿತ್ತು?" ಎಂದ. ನನಗೂ ಹಾಗೇ ಅನ್ನಿಸಿತು. ಆ ಮಹಾನುಭಾವ ಯಾರು ಅಂತ ಪತ್ತೆಯಾಯಿತೇ? ಸಿಕ್ಕರೆ ನನ್ನ ಪರವಾಗಿ ನಾಲ್ಕು ಮಾತು ಉಗಿಯಿರಿ.

ಇನ್ನು ಒಂದೇ ಒಂದು ಮೆಟ್ಟಿಲು ಉಳಿದಿದೆ. ಎಂಜಿನ್ ಪಾಠ ಹೇಳಿಕೊಡಲು ಇಪ್ಪತ್ತು ವರ್ಷ ಅನುಭವ ಇರುವ ಮೆಕ್ಯಾನಿಕ್ ಶಾಲೆಯಲ್ಲಿ ಇರಬೇಕಂತೆ. ತಿಂಗಳಿಗೆ ಎರಡು ದಿನ ಸಾಕು. ನಮ್ಮ ಬೀದಿಯವನದು ಎಂಟೇ ವರ್ಷ. ನಿಮ್ಮನ್ನು ಕೇಳದೆಯೇ, "ನಮ್ಮ ಮಾವ ಇದ್ದಾರೆ, ನಲವತ್ತು ವರ್ಷ ಸರ್ವೀಸು" ಅಂದುಬಿಟ್ಟೆ. ಫಾರಂ ಇಟ್ಟಿದ್ದೇನೆ, ಸಹಿ ಮಾಡಿ ಕಳಿಸಿ. ಏಪ್ರಿಲ್ ಮೂವತ್ತು ಕೊನೆ ದಿನ.

ಪಿಟೀಲು


ಏಪ್ರಿಲ್ 6

ಪಿಟೀಲು,

ಕಾರು ಪಾಸಾದದ್ದು ಸಂತೋಷ.

ಫಾರಂ ಹಿಂದಕ್ಕೆ ಕಳಿಸಿದ್ದೇನೆ. ನನ್ನ ಹೆಸರು ಬೇಡ. ಕಿವಿ ಕೇಳಿಸುವುದಿಲ್ಲ, ಆರು ಗಂಟೆ ಕಾಲ ಬಸ್ಸಿನಲ್ಲಿ ಕೂರಲು ಆಗುವುದಿಲ್ಲ. ಬೇರೆ ಯಾರನ್ನಾದರೂ ನೋಡಿಕೋ.

ಮಾವ


ಏಪ್ರಿಲ್ 10

ಮಾವ,

ಹೋದ ತಿಂಗಳು ಅತ್ತೆಯನ್ನು ಕರೆದುಕೊಂಡು ಮಗಳ ಮನೆಗೆ ಒಂಬತ್ತು ಗಂಟೆ ಕಾಲ ಬಸ್ಸಿನಲ್ಲಿ ಕೂತು ಹೋಗಿಬಂದವರು ಯಾರು? ಅಮ್ಮ ಎಲ್ಲ ಹೇಳಿದಳು.

ನೇರವಾಗಿ ಕೇಳುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ನರಳಲು ನನಗೆ ಬರುವುದಿಲ್ಲ. ಹೆಂಗಸರಿಗೆ ಡ್ರೈವಿಂಗ್ ಕಲಿಸುವ ನನ್ನ ಶಾಲೆ ನಿಮಗೆ ಮಕ್ಕಳಾಟ ಅನ್ನಿಸಿತೇ? ದರ್ಜಿಗಳಿಗೆ, ಅಡುಗೆಯವರಿಗೆ ಎಂಜಿನ್ ತೋರಿಸುವುದು ನಿಮ್ಮ ಘನತೆಗೆ ಕಡಿಮೆಯೇ? ಹಾಗಿದ್ದರೆ ಹಾಗೆಂದೇ ಬರೆಯಿರಿ. ಕಿವಿಯ ನೆಪ ಬೇಡ. ಇಪ್ಪತ್ತು ವರ್ಷ ಅನುಭವದ ಇಬ್ಬರನ್ನು ಹೋಗಿ ಕೇಳಿದೆ. ಒಬ್ಬ ನಕ್ಕ, ಇನ್ನೊಬ್ಬ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ. ಮೂವತ್ತಕ್ಕೆ ಬೋರ್ಡು ಇಳಿಸುತ್ತೇನೆ.

ನನಗೆ ಎಂಜಿನ್ನಿನ ಹುಚ್ಚು ಹಿಡಿಸಿದವರೇ ನೀವು. ಅದಕ್ಕೇ ಇಷ್ಟು ನೋವಾಗುತ್ತಿದೆ.


ಏಪ್ರಿಲ್ 18

ಪಿಟೀಲು,

ಸಹಿ ಹಾಕದೆ ಕಾಗದ ಕಳಿಸಿದ್ದೀಯ. ಅದನ್ನು ನೋಡಿದ ಮೇಲೆ ಅನ್ನ ಇಳಿಯಲಿಲ್ಲ. ಬಾಯಿಬಿಟ್ಟರೆ ಬಣ್ಣಗೇಡು ಅಂತ ಇಷ್ಟು ವರ್ಷ ಸುಮ್ಮನಿದ್ದೆ, ಈಗ ಬಿಡುತ್ತೇನೆ.

ಆ ಕುರುಡ ನಾನೇ.

ಕೆಂಪು, ಹಸಿರು, ಕಂದು, ಮೂರೂ ನನ್ನ ಕಣ್ಣಿಗೆ ಒಂದೇ ತಾಯಿಯ ಮಕ್ಕಳು. ಹುಟ್ಟಿನಿಂದ ಹೀಗೇ. ಸಿಗ್ನಲ್ ದೀಪವನ್ನು ಮೇಲಿನದು ಕೆಳಗಿನದು ಅಂತ ಗುರುತು ಹಿಡಿಯುತ್ತೇನೆ. ನಲವತ್ತು ವರ್ಷ ಎಂಜಿನ್ನಿನ ಸದ್ದಿನಿಂದ, ವಾಸನೆಯಿಂದ, ಕೈಗೆ ತಾಗುವ ನಡುಕದಿಂದ ಕೆಲಸ ಮಾಡಿದೆ. ತಂತಿಯ ಕೆಲಸ ಬಂದರೆ ಮಾತ್ರ ಕಳ್ಳನ ಹಾಗೆ ಅತ್ತಿತ್ತ ನೋಡುತ್ತಿದ್ದೆ. ಇದು ಹೊರಗೆ ಗೊತ್ತಾದರೆ ಯಾರು ತಾನೇ ಕಾರು ತಂದು ನಿಲ್ಲಿಸುತ್ತಾರೆ?

ನಿಮ್ಮಮ್ಮ ಕೆಲಸಕ್ಕೆ ಹೋಗುವಾಗ ನಿನ್ನನ್ನು ಗ್ಯಾರೇಜಿನಲ್ಲಿ ಬಿಟ್ಟುಹೋಗುತ್ತಿದ್ದ ಕಾಲದಲ್ಲಿ ಒಬ್ಬ ಡಾಕ್ಟರ ಕಾರಿಗೆ ತಂತಿ ಕಟ್ಟಿದ್ದೆ. ಅವರು ಬ್ರೇಕ್ ಒತ್ತಿದರೆ ಹಾರ್ನ್ ಆಯಿತು. ಬೀದಿಯ ಜನರೆಲ್ಲ ಸೇರಿದ್ದರು, ಅವರೆದುರಿಗೆ, "ಕಣ್ಣಿಗೇನು ಮಣ್ಣು ಬಿದ್ದಿದೆಯಾ ನಿನಗೆ?" ಎಂದರು. ಅವತ್ತು ನಿಮ್ಮತ್ತೆ ತನ್ನ ಹೊಲಿಗೆ ಡಬ್ಬಿ ತಂದು, ಗ್ಯಾರೇಜಿನಲ್ಲಿದ್ದ ಪ್ರತಿ ಕಾರಿನ ಕೆಂಪು ತಂತಿಗೂ ದಾರ ಕಟ್ಟಿದಳು. ಬಣ್ಣ ಕಾಣದಿದ್ದರೇನು, ಗಂಟು ಬೆರಳಿಗೆ ಸಿಗುತ್ತದಲ್ಲ! ಅವತ್ತಿನಿಂದ ಬಂದ ಪ್ರತಿ ಕಾರಿಗೂ ಅವಳದೇ ಗಂಟು, ಮೂವತ್ತು ವರ್ಷ ಒಂದು ತಪ್ಪೂ ಆಗಲಿಲ್ಲ.

ನಿನ್ನ ಕಾರಿಗೆ ಫ್ಯಾನು ಹಾಕುವಾಗ ಅವಳು ಮಗಳ ಹೆರಿಗೆಗೆ ಹೋಗಿದ್ದಳು. ನಿನ್ನ ಶಾಲೆ ಶುರುವಾಗುವ ದಿನಕ್ಕೆ ಕಾರು ತಲುಪಬೇಕು ಅನ್ನುವ ಆತುರ ನನಗೆ. ಬಲ್ಬು ಹಿಡಿದು ಪರೀಕ್ಷಿಸಬಹುದಿತ್ತು, ಆದರೆ ಎಂಜಿನ್ ಕಾದ ಮೇಲೇ ಆ ತಂತಿಗೆ ಕರೆಂಟು ಬರುವುದು. ಯಾರು ಕಾಯುತ್ತಾರೆ ಅಂದುಕೊಂಡೆ. ಬಿಸಿಲಿಗೆ ಹಿಡಿದು ನೋಡಿ, ಇದೇ ಕೆಂಪು ಅಂತ ಊಹಿಸಿ, ನಾನೇ ಗಂಟು ಹಾಕಿದೆ. ಆಮೇಲೆ ಓಡಿಸಿ ನಿಲ್ಲಿಸಿದಾಗ ಫ್ಯಾನು ತಿರುಗಿತು. ಯಾವ ಕಡೆಗೆ ಅಂತ ನೋಡಲಿಲ್ಲ.

ನಿನ್ನ ಶಾಲೆ ಮಕ್ಕಳಾಟ ಅಲ್ಲ. ಅದನ್ನು ಮುಳುಗಿಸುವುದರಲ್ಲಿದ್ದವನು ನಾನು. ಪಾಠ ಹೇಳಿಕೊಡಲು ಯಾವ ಮುಖ ಇಟ್ಟುಕೊಂಡು ಬರಲಿ?

ಮಾವ

ಇದರ ಕೆಳಗೆ ನಾಲ್ಕು ಸಾಲು ನಿನ್ನ ಅತ್ತೆಯದು. ಆ ದರ್ಜಿಗೆ ನನ್ನ ನಮಸ್ಕಾರ ಹೇಳು ಕಂದಾ. ಮೂವತ್ತು ವರ್ಷದಲ್ಲಿ ನನ್ನ ಗಂಟನ್ನು ಮೆಚ್ಚಿದವಳು ಅವಳೊಬ್ಬಳೇ. ಇವರು ಮೂರು ದಿನ ಬರೆದರು, ಹರಿದರು, ಬರೆದರು. "ಕಳಿಸ್ತೀರೋ ಇಲ್ಲ ನಾನೇ ಬಸ್ ಹತ್ತಲೋ" ಅಂದ ಮೇಲೆ ಮುಗಿಸಿದ್ದು. ಬೈಯುವುದಿದ್ದರೆ ಮೆತ್ತಗೆ ಬೈ. ಅತ್ತೆ.


ಏಪ್ರಿಲ್ 22

ಮಾವ,

ಕಾಗದ ಓದಿ ಕಾರಿನಲ್ಲೇ ಕೂತು ಅತ್ತುಬಿಟ್ಟೆ. ದರ್ಜಿ ಅಕ್ಕ ಕರವಸ್ತ್ರ ಕೊಟ್ಟರು.

"ಕುರುಡ" ಅನ್ನುವ ಮಾತನ್ನು ನಗುತ್ತಾ ನಿಮಗೆ ಬರೆದು ಕಳಿಸಿದೆನಲ್ಲ, ನನ್ನ ಕೈ ಮುರಿಯಬೇಕಿತ್ತು. ತಪ್ಪಾಯಿತು ಮಾವ.

ಆದರೆ ನಿಮ್ಮ ಕಾಗದದಲ್ಲಿ ಒಂದು ಮಾತು ಬಿಟ್ಟಿದ್ದೀರಿ. ನನ್ನನ್ನು ಕಾಪಾಡಲು ಬಿಟ್ಟಿರೋ, ಮರೆತಿರೋ ಗೊತ್ತಿಲ್ಲ. ಗ್ಯಾರೇಜಿನಲ್ಲಿ ನಾವಿಬ್ಬರೂ ಬಣ್ಣದ ಆಟ ಆಡುತ್ತಿದ್ದೆವು. ನೀವು ಒಂದು ತಂತಿ ಎತ್ತಿ ಹಿಡಿದು, "ಇದು ಯಾವ ಬಣ್ಣ ಹೇಳು ನೋಡೋಣ" ಅನ್ನುತ್ತಿದ್ದಿರಿ. ನಾನು "ಕೆಂಪು!" ಅಂದರೆ "ಜಾಣೆ!" ಅಂತ ಒಂದು ಪೆಪ್ಪರಮಿಂಟು. ಮಾವ ನನಗೆ ಬಣ್ಣ ಕಲಿಸಿದರು ಅಂತ ಈ ಮೂವತ್ತು ವರ್ಷ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೇನೆ. ನಿಮ್ಮ ಕಾಗದ ಓದಿದ ಮೇಲೆ ಗೊತ್ತಾಯಿತು, ಕಲಿಸುತ್ತಿರಲಿಲ್ಲ, ಕೇಳುತ್ತಿದ್ದಿರಿ.

ಒಂದು ದಿನ ಆ ಆಟ ನಿಂತುಹೋಯಿತು. ಮಗು ಇನ್ನೂ ಚಿಕ್ಕದು, ಅದಕ್ಕೇನು ಬಣ್ಣ ಗೊತ್ತು ಅಂತ ನೀವು ನಿಲ್ಲಿಸಿರಬೇಕು. ಅದು ಹಾಗಲ್ಲ. ಡಾಕ್ಟರ ಕಾರಿಗೆ ನೀವು ತಂತಿ ಕಟ್ಟಿದ ದಿನ ನಾನು ಬೇಕಂತಲೇ ಸುಳ್ಳು ಹೇಳಿದೆ. ಕೆಂಪನ್ನು ಹಸಿರು ಅಂದೆ. ತಪ್ಪು ಹೇಳಿದರೆ ನಿಮ್ಮ ಮುಖ ಹೇಗಾಗುತ್ತದೆ ನೋಡಬೇಕು ಅನ್ನುವ ಕುತೂಹಲ, ಅಷ್ಟೇ. ನೀವು "ಜಾಣೆ!" ಅಂತಲೇ ಪೆಪ್ಪರಮಿಂಟು ಕೊಟ್ಟಿರಿ. ನನಗೆ ಆಶ್ಚರ್ಯವಾಯಿತು, ಆದರೆ ತಿಂದುಬಿಟ್ಟೆ. ಮಾರನೆಯ ದಿನ ಡಾಕ್ಟರು ಕೂಗಾಡುವಾಗ ಟೈರುಗಳ ಹಿಂದೆ ಅವಿತುಕೊಂಡು ಕೇಳುತ್ತಿದ್ದೆ. ಬಾಯಿ ಬಿಡಲಿಲ್ಲ. ಇವತ್ತಿನವರೆಗೂ ಬಿಟ್ಟಿರಲಿಲ್ಲ. ನಿಮಗೆ ಬಿದ್ದ ಆ ಬೈಗುಳ ನನಗೆ ಬೀಳಬೇಕಾದದ್ದು.

ಈಗ ಲೆಕ್ಕ ಸರಿಹೋಯಿತಲ್ಲ? ನೀವು ನನಗೆ ಉಲ್ಟಾ ಫ್ಯಾನು ಕೊಟ್ಟಿರಿ, ಅದಕ್ಕೆ ಮೂವತ್ತು ವರ್ಷ ಮೊದಲೇ ನಾನು ನಿಮಗೆ ಉಲ್ಟಾ ಬಣ್ಣ ಕೊಟ್ಟಿದ್ದೆ.

ಆರು ಗಂಟೆ ಬಸ್ಸಿನಷ್ಟು ದೂರದಲ್ಲಿ ಕೂತು, ಒಂದು ಒದ್ದೆ ಕರವಸ್ತ್ರದಿಂದ ರೋಗ ಹಿಡಿದ ಮೆಕ್ಯಾನಿಕ್ ಇನ್ನೊಬ್ಬ ಇದ್ದರೆ ತೋರಿಸಿ, ಅವನ ಸಹಿ ಹಾಕಿಸುತ್ತೇನೆ. ಫಾರಂ ಮತ್ತೆ ಇಟ್ಟಿದ್ದೇನೆ. ಅಂಚೆಗೆ ಹಾಕಬೇಡಿ, ತಡವಾಗುತ್ತದೆ. ಇಪ್ಪತ್ತೆಂಟರ ಬಸ್ಸಿಗೆ ಇಬ್ಬರೂ ಹತ್ತಿ. ಅತ್ತೆಯ ಹೊಲಿಗೆ ಡಬ್ಬಿಯೂ ಬರಲಿ, ಅಕ್ಕ ಕಾಯುತ್ತಿದ್ದಾರೆ. ಪಾಠ ನೀವು ಹೇಳಿ. ನಿಮ್ಮ ಪಕ್ಕದಲ್ಲಿ ನಾನು ನಿಂತು ಬಣ್ಣ ಹೇಳುತ್ತೇನೆ. ಈ ಸಲ ಸುಳ್ಳು ಹೇಳುವುದಿಲ್ಲ.

ಪೆಪ್ಪರಮಿಂಟು ಮಾತ್ರ ಮರೆಯದೆ ತನ್ನಿ.

ನಿಮ್ಮ ಪಿಟೀಲು